ಫೆಲೂದಾ ಸಪ್ಪೆಯಾಗಿದ್ದು ಯಾಕೆ? ಇಷ್ಟದ ಸರಣಿ ಸೋತಾಗ ನಾವು ಏನು ಮಾಡಬೇಕು?

ಪುಟತಿರುವಿ

ಸತ್ಯಜಿತ್ ರೇ ಅವರ ಫೆಲೂದಾ ಕತೆಗಳನ್ನು ಬರೆದ ಕ್ರಮದಲ್ಲೇ, ಮೊದಲಿಂದ ಕೊನೆವರೆಗೆ ಓದಿ ಮುಗಿಸಿದೆ. ಗೋಪಾ ಮಜುಂದಾರ್ ಅವರ ಇಂಗ್ಲಿಷ್ ಅನುವಾದ, ಎರಡು ದಪ್ಪ ಸಂಪುಟ. 1965ರಲ್ಲಿ ‘ಸಂದೇಶ್’ ಅನ್ನೋ ಮಕ್ಕಳ ಪತ್ರಿಕೆಯಲ್ಲಿ ಶುರುವಾದ ಸರಣಿ ಇದು. ರೇ ತೀರಿಕೊಂಡ 1992ರವರೆಗೂ ನಡೆಯಿತು. ಪೂರ್ತಿಯಾದ ಕತೆಗಳು 35. ಮೊದಲರ್ಧ ಓದುವಾಗ ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಯ ಕತೆಗಳನ್ನು ಓದುವಾಗ ಮಧ್ಯೆ ಮಧ್ಯೆ ಫೋನ್ ನೋಡುತ್ತಾ ಕೂತೆ.

ಓದದೇ ಇರುವವರಿಗೆ ಎರಡು ಮಾತು. ಫೆಲೂದಾ ಅಂದರೆ ಪ್ರದೋಷ್ ಮಿತ್ತರ್, ಕೊಲ್ಕತ್ತಾದ ರಜನಿ ಸೇನ್ ರಸ್ತೆಯ ಖಾಸಗಿ ಪತ್ತೇದಾರ. ಕತೆ ಹೇಳುವವನು ದಾಯಾದಿ ತಮ್ಮ ತೊಪ್ಶೆ. ಮೂರನೆಯವರು ಲಾಲ್‌ಮೋಹನ್ ಗಂಗೂಲಿ. ‘ಜಟಾಯು’ ಅನ್ನೋ ಹೆಸರಲ್ಲಿ ರೋಮಾಂಚಕ ಕಾದಂಬರಿ ಬರೆಯುತ್ತಾರೆ. ಅವರ ಪುಸ್ತಕದ ತುಂಬಾ ತಪ್ಪು ಮಾಹಿತಿ, ಮನುಷ್ಯ ಮಾತ್ರ ಅಪ್ಪಟ ಚಿನ್ನ.

ಈಗ ವಿಷಯಕ್ಕೆ ಬರುತ್ತೇನೆ. 1990ರ ‘ನಯನ್ ರಹಸ್ಯ’ ಶುರುವಾಗುವಾಗ ಫೆಲೂದಾ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಾನೆ. ಕಾರಣ, ಓದುಗರ ಕಾಗದಗಳು. ಇತ್ತೀಚಿನ ಕತೆಗಳಲ್ಲಿ ಮೊದಲಿನ ಗಮ್ಮತ್ತಿಲ್ಲ, ಜಟಾಯು ಈಗ ನಗಿಸುವುದಿಲ್ಲ ಅಂತ ದೂರು. ಅಂದರೆ ನಮ್ಮಂಥವರ ಗೊಣಗಾಟವನ್ನು ರೇ ನೇರವಾಗಿ ಕತೆಯೊಳಗೇ ತಂದುಬಿಟ್ಟರು! ಅದಕ್ಕೆ ಫೆಲೂದಾ ಬಾಯಲ್ಲಿ ಒಂದು ಸಮಜಾಯಿಷಿ ಕೂಡ ಇದೆ. ತೊಪ್ಶೆ ಬರೆಯುವುದು ಹುಡುಗರಿಗೆ. ಆದರೆ ಮನೆಯಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ಓದುತ್ತಾರೆ. ಎಲ್ಲರಿಗೂ ರುಚಿಸುವ ಹಾಗೆ ಬರೆಯೋದು ಹೇಗೆ? ಹುಡುಗರಿಗೆ ಹೇಳಬಾರದ ಕೇಸುಗಳೂ ಇರುತ್ತವಲ್ಲ?

ಓದಿ ಖುಷಿಯಾಯಿತು. ಎಂಥ ಧೈರ್ಯ ಅಂದುಕೊಂಡೆ. ಆದರೆ ಇಷ್ಟು ಹೇಳಿದ ಮೇಲೆ ಬರುವ ಕತೆ ಯಾವುದು? ವಿಚಿತ್ರ ಶಕ್ತಿ ಇರುವ ಒಬ್ಬ ಪುಟ್ಟ ಹುಡುಗ, ಅವನ ಹಿಂದೆ ಬಿದ್ದ ದುರಾಸೆಯವರು, ಅವನನ್ನು ಕಾಪಾಡಲು ದೂರದ ಊರಿಗೆ ಪ್ರಯಾಣ. ಇದೇ ಅಚ್ಚಿನಲ್ಲಿ ‘ಸೋನಾರ್ ಕೆಲ್ಲಾ’ 1971ರಲ್ಲೇ ಬಂದಿತ್ತು. ಅಲ್ಲಿ ಹಿಂದಿನ ಜನ್ಮ ನೆನಪಿರುವ ಮುಕುಲ್, ಇಲ್ಲಿ ಅಂಕಿಗಳು ಕಣ್ಣಿಗೆ ಕಾಣುವ ನಯನ್. ಅಲ್ಲಿ ರಾಜಸ್ಥಾನ, ಇಲ್ಲಿ ಮದ್ರಾಸು. ದೂರಿಗೆ ಉತ್ತರ ಕೊಟ್ಟು ಅದೇ ದೂರಿಗೆ ಇನ್ನೊಂದು ಸಾಕ್ಷಿ ಒದಗಿಸಿದ ಹಾಗಾಯಿತು.

ನನ್ನ ಅನುಮಾನ ಹೇಳುತ್ತೇನೆ. ಲೇಖಕರು ಸೋಮಾರಿಗಳಾಗಿ ಸರಣಿ ಕೆಡುವುದು ಕಡಿಮೆ. ನಾವು ಕೇಳಿದ್ದನ್ನು ಕೊಡಲು ಶುರು ಮಾಡಿದಾಗಲೇ ಕೆಡುತ್ತದೆ. ಜಟಾಯು ಇರಲೇಬೇಕು, ಅವರು ಒಂದು ತಪ್ಪು ಹೇಳಲೇಬೇಕು, ಫೆಲೂದಾ ಅದನ್ನು ತಿದ್ದಲೇಬೇಕು, ಒಂದು ಹೊಸ ಊರು ಇರಲೇಬೇಕು. ಓದುಗರ ಪಟ್ಟಿ ಪೂರ್ತಿ ಆಗುತ್ತದೆ, ಕತೆ ಆಗುವುದಿಲ್ಲ. ನಿಮಗೇನನಿಸುತ್ತದೆ?

ಗುಮಾಸ್ತ

ನನಗನಿಸೋದು ಸರಳ. ದುಡ್ಡು ಕೊಟ್ಟು ಪುಸ್ತಕ ಕೊಂಡಿದ್ದೇನೆ, ಚೆನ್ನಾಗಿಲ್ಲ ಅಂದರೆ ಚೆನ್ನಾಗಿಲ್ಲ. ಲೇಖಕರ ಕಷ್ಟ ಕಟ್ಟಿಕೊಂಡು ನನಗೇನಾಗಬೇಕು? ಬೇಸರವಾದರೆ ನಿಲ್ಲಿಸಲಿ.

ಕೊಲ್ಕತ್ತಾ ಕನ್ನಡತಿ

ನಿಲ್ಲಿಸೋದು ಅಷ್ಟು ಸುಲಭ ಅಲ್ಲ ಗುಮಾಸ್ತರೇ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಾನು ಬಂಗಾಳಿ ಓದಲು ಕಲಿತಿದ್ದೇ ಫೆಲೂದಾನಿಂದ. ನಮ್ಮತ್ತೆಯವರ ಕಪಾಟಿನಲ್ಲಿ ಹಳೇ ಪೂಜಾ ಸಂಚಿಕೆಗಳು ಇದ್ದವು. ದುರ್ಗಾಪೂಜೆಗೆ ಇಲ್ಲಿ ಎಲ್ಲ ಪತ್ರಿಕೆಗಳೂ ದಪ್ಪ ದಪ್ಪ ವಿಶೇಷಾಂಕ ತರುತ್ತವೆ. ನಮ್ಮ ದೀಪಾವಳಿ ವಿಶೇಷಾಂಕಗಳಂತೆಯೇ, ಆದರೆ ಇಡೀ ಕಾದಂಬರಿಗಳೇ ಅದರಲ್ಲಿ ಇರುತ್ತವೆ. 1970ರಲ್ಲಿ ಗ್ಯಾಂಗ್ಟಾಕಿನ ಕತೆ ‘ದೇಶ್’ ಪತ್ರಿಕೆಯ ಪೂಜಾ ಸಂಚಿಕೆಯಲ್ಲಿ ಬಂತು. ಅಲ್ಲಿಂದ ಪೂಜೆ ಬಂದರೆ ಫೆಲೂದಾನೂ ಬರಬೇಕು ಅನ್ನೋ ರೂಢಿ ಆಯಿತು. ರೇ ಅವರದೇ ಇನ್ನೊಂದು ಸರಣಿ ಪ್ರೊಫೆಸರ್ ಶೊಂಕು, ಅದರ ಕತೆ ‘ಆನಂದಮೇಳ’ ಪತ್ರಿಕೆಗೆ. ಮಧ್ಯೆ ಸಿನಿಮಾ, ಸಂಗೀತ, ‘ಸಂದೇಶ್’ ಸಂಪಾದಕತ್ವ, ಅದರ ಚಿತ್ರಗಳು. ಎಲ್ಲಾ ಒಬ್ಬರೇ.

ಹಾಗಾಗಿ ಪುಟತಿರುವಿ ಹೇಳಿದ್ದನ್ನು ನಾನು ಪೂರ್ತಿ ಒಪ್ಪಲ್ಲ. ಓದುಗರ ಪಟ್ಟಿ ಅಲ್ಲ, ಕ್ಯಾಲೆಂಡರ್ ಸಮಸ್ಯೆ. ಹಬ್ಬ ಮುಂದಕ್ಕೆ ಹೋಗಲ್ಲ. ಹೊಳೆಯಲಿ ಬಿಡಲಿ, ಕತೆ ಕೊಡಬೇಕು.

ಇನ್ನೊಂದು. 1983ರಲ್ಲಿ ರೇ ಅವರಿಗೆ ಹೃದಯಾಘಾತ ಆಯಿತು. ಆಮೇಲೆ ಬಹಳ ವರ್ಷ ಮೊದಲಿನ ಹಾಗೆ ಓಡಾಡಿ ಸಿನಿಮಾ ಮಾಡಲು ಆಗಲಿಲ್ಲ. 1989ರ ‘ಗಣಶತ್ರು’ ನೋಡಿದರೆ ಗೊತ್ತಾಗುತ್ತದೆ, ಹೆಚ್ಚುಕಡಿಮೆ ಎಲ್ಲಾ ಒಳಾಂಗಣ. ಫೆಲೂದಾ ಮಾತ್ರ ಆಗಲೂ ಕಾಶ್ಮೀರ, ಲಂಡನ್ನು ಅಂತ ಸುತ್ತುತ್ತಿದ್ದ. ಆದರೆ ಹಳೇ ಕತೆಗಳಲ್ಲಿ ಊರಿನ ಧೂಳು ಮೂಗಿಗೆ ಹತ್ತುತ್ತಿತ್ತು. ಲಂಡನ್ ಕತೆಯಲ್ಲಿ ನನಗೆ ಪ್ರವಾಸಿ ಕೈಪಿಡಿ ಓದಿದ ಹಾಗಾಯಿತು.

ಪುಟತಿರುವಿ

ಅಕ್ಕಾ, ಗಡುವಿನ ಮಾತು ಸರಿ. ಆದರೆ ಅದೇ ಗಡುವಿನಲ್ಲೇ ‘ಜೊಯ್ ಬಾಬಾ ಫೇಲುನಾಥ್’ (1975) ಬಂತಲ್ಲ? ಕಾಶಿಯ ಓಣಿಗಳು, ಖಳನಾಯಕ ಮಗನ್‌ಲಾಲ್ ಮೇಘರಾಜನ ಮನೆ, ಆ ಚಾಕು ಎಸೆಯುವ ಆಟ. ಜಟಾಯುವನ್ನು ಹಲಗೆಗೆ ನಿಲ್ಲಿಸಿ ಸುತ್ತಲೂ ಚಾಕು ಎಸೆಸುತ್ತಾನೆ. ಫೆಲೂದಾ ಏನೂ ಮಾಡಲಾಗದೆ ನೋಡುತ್ತಾನೆ. ನಗಿಸುವ ಪಾತ್ರವನ್ನು ಹೀಗೆ ನಿಜವಾದ ಅಪಾಯಕ್ಕೆ ತಳ್ಳಿದಾಗ ಕೈಕಾಲು ತಣ್ಣಗಾಗುತ್ತದೆ.

ಅದೇ ಮಗನ್‌ಲಾಲ್ ಕಾಠ್ಮಂಡುವಿನ ಕತೆಯಲ್ಲಿ (1980) ಮತ್ತೆ ಬಂದು ಜಟಾಯುಗೆ ಎಲ್‌ಎಸ್‌ಡಿ ಅನ್ನೋ ಮಾದಕ ವಸ್ತು ಕುಡಿಸುತ್ತಾನೆ. ಆಗಲೂ ಪರವಾಗಿಲ್ಲ, ನಗು ಭಯ ಎರಡೂ ಇದೆ. ಮೂರನೇ ಸಲ ಗುಲಾಬಿ ಮುತ್ತಿನ ಕತೆಗೆ (1989) ಬರುವ ಹೊತ್ತಿಗೆ ಅವನು ನಮ್ಮ ಮನೆಗೆ ಬರುವ ನೆಂಟ ಆಗಿಬಿಟ್ಟಿದ್ದಾನೆ. ಯಾರಿಗೂ ಹೆದರಿಕೆ ಇಲ್ಲ. ಖಳನಾಯಕನನ್ನು ನೋಡಿ ‘ಓ ಬಂದ್ರಾ’ ಅನಿಸಿದರೆ ಕತೆ ಮುಗಿದ ಹಾಗೆ. ಅವನನ್ನು ಮತ್ತೆ ಕರೆತಂದಿದ್ದು ಕ್ಯಾಲೆಂಡರ್ ಅಲ್ಲ, ನಮ್ಮ ಚಪ್ಪಾಳೆ.

ಕೊಲ್ಕತ್ತಾ ಕನ್ನಡತಿ

ಚಪ್ಪಾಳೆ ಅಂದಿದ್ದಕ್ಕೆ ನೆನಪಾಯಿತು. ‘ಸೋನಾರ್ ಕೆಲ್ಲಾ’ 1974ರಲ್ಲಿ ಸಿನಿಮಾ ಆಯಿತು, ರೇ ಅವರದೇ. ಜಟಾಯು ಆಗಿ ಸಂತೋಷ್ ದತ್ತಾ. ಅವರು ಎಷ್ಟು ಹೊಂದಿಕೊಂಡರು ಅಂದರೆ ಆಮೇಲಿನ ಕತೆಗಳಿಗೆ ರೇ ಬರೆದ ಚಿತ್ರಗಳಲ್ಲಿ ಜಟಾಯು ಮುಖ ಅವರ ಮುಖದ ಹಾಗೇ ಆಯಿತು. ಮೊದಲಿನ ಚಿತ್ರಗಳನ್ನು ಪಕ್ಕಕ್ಕಿಟ್ಟು ನೋಡಿ, ಬೇರೆಯೇ ಮನುಷ್ಯ. 1988ರಲ್ಲಿ ದತ್ತಾ ತೀರಿಕೊಂಡರು. ಅವರಿಲ್ಲದೆ ಫೆಲೂದಾ ಸಿನಿಮಾ ಮಾಡಲಾರೆ ಅಂತ ರೇ ಹೇಳಿದ್ದರು, ಮಾಡಲೂ ಇಲ್ಲ. ಆದರೆ ಪುಸ್ತಕದಲ್ಲಿ ಜಟಾಯುವನ್ನು ಬಿಡಲಾಗಲಿಲ್ಲ. ಸಿನಿಮಾದಲ್ಲಿ ಸಿಕ್ಕ ಸ್ವಾತಂತ್ರ್ಯ ಪುಸ್ತಕದಲ್ಲಿ ಸಿಗಲಿಲ್ಲ ನೋಡಿ.

ಬೇಕರ್ ಬೀದಿ

ಈ ರೋಗಕ್ಕೆ ಮೊದಲ ರೋಗಿ ನಮ್ಮ ಷರ್ಲಾಕ್ ಹೋಮ್ಸ್. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅವನ ಕತೆ ಬರೆದ ಕಾನನ್ ಡಾಯ್ಲ್‌ಗೆ ಹೋಮ್ಸ್ ಬೇಗ ಸಾಕಾಗಿ ಹೋದ. 1891ರ ಜುಲೈನಲ್ಲಿ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ ಸಣ್ಣಕತೆಗಳು ಶುರುವಾದವು. ಅದೇ ವರ್ಷದ ನವೆಂಬರಿಗೆ ಇವನನ್ನು ಕೊಂದು ಕೈ ತೊಳೆದುಕೊಳ್ಳುತ್ತೇನೆ, ಇವನಿಂದ ಒಳ್ಳೆಯ ಕೆಲಸಗಳಿಗೆ ಮನಸ್ಸು ಸಿಗುತ್ತಿಲ್ಲ ಅಂತ ತಾಯಿಗೆ ಕಾಗದ ಬರೆದ. ತಾಯಿ ಖಡಾಖಂಡಿತವಾಗಿ ಬೇಡ ಅಂದರು. ಎರಡು ವರ್ಷ ತಡೆದುಕೊಂಡ. 1893ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ರೈಕೆನ್‌ಬಾಕ್ ಜಲಪಾತಕ್ಕೆ ನೂಕಿಯೇ ಬಿಟ್ಟ. ಜನ ಬೈದರು, ಚಂದಾ ನಿಲ್ಲಿಸಿದರು. ಕೊನೆಗೆ 1903ರಲ್ಲಿ, ಅಮೆರಿಕದ ಪತ್ರಿಕೆಯೊಂದು ಕೈ ತುಂಬಾ ದುಡ್ಡು ಕೊಡುತ್ತೇನೆ ಅಂದ ಮೇಲೆ, ಹೋಮ್ಸ್ ಸತ್ತೇ ಇರಲಿಲ್ಲ ಅಂತ ಬರೆದ.

ನನಗೆ ಅಚ್ಚುಮೆಚ್ಚಿನ ಭಾಗ ಮುಂದಿದೆ. ಡಾಯ್ಲ್ ತನ್ನ ಆತ್ಮಕತೆಯಲ್ಲೇ ಇದನ್ನು ಹೇಳಿಕೊಂಡಿದ್ದಾನೆ. ಕಾರ್ನ್‌ವಾಲ್‌ನ ಒಬ್ಬ ದೋಣಿಯವನು ಅವನ ಹತ್ತಿರ ಹೇಳಿದನಂತೆ. ಬಂಡೆಯಿಂದ ಬಿದ್ದಾಗ ಹೋಮ್ಸ್ ಸಾಯದೇ ಇದ್ದಿರಬಹುದು ಸ್ವಾಮಿ, ಆದರೆ ಆಮೇಲೆ ಅವನು ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ. ಇದಕ್ಕಿಂತ ಚೆನ್ನಾದ ವಿಮರ್ಶೆಯನ್ನು ಯಾವ ಪಂಡಿತನೂ ಬರೆದಿಲ್ಲ. ಬೈಗುಳ ಇಲ್ಲ, ಮರ್ಯಾದೆ ಇದೆ, ಏಟು ಸರಿಯಾಗಿ ಬಿದ್ದಿದೆ.

1927ರ ಕೊನೆಯ ಸಂಗ್ರಹ ತೆರೆದರೆ ದೋಣಿಯವನ ಮಾತು ಪುಟಪುಟಕ್ಕೂ ನೆನಪಾಗುತ್ತದೆ. ‘ಮಜರಿನ್ ಸ್ಟೋನ್’ ಅನ್ನೋ ಕತೆ ಮೊದಲು ಒಂದಂಕದ ನಾಟಕ ಆಗಿತ್ತು, ಅದನ್ನೇ ಕತೆ ಮಾಡಿದ್ದು. ಹಾಗಾಗಿ ಎಲ್ಲಾ ಒಂದೇ ಕೋಣೆಯಲ್ಲಿ ನಡೆಯುತ್ತದೆ, ಹೇಳುವವನು ಎಂದಿನಂತೆ ಹೋಮ್ಸ್ ಗೆಳೆಯ ವಾಟ್ಸನ್ ಕೂಡ ಅಲ್ಲ. ‘ಕ್ರೀಪಿಂಗ್ ಮ್ಯಾನ್’ನಲ್ಲಿ ಮಂಗನಿಂದ ತೆಗೆದ ಔಷಧಿ ಚುಚ್ಚಿಕೊಂಡ ಪ್ರೊಫೆಸರ್ ಗೋಡೆ ಹತ್ತುತ್ತಾನೆ! ಎರಡು ಕತೆಗಳನ್ನು ಹೋಮ್ಸ್‌ನೇ ಹೇಳುತ್ತಾನೆ. ಅಲ್ಲೇ ದೊಡ್ಡ ಎಡವಟ್ಟು. ವಾಟ್ಸನ್ ಬೆರಗಾಗದೆ ಇದ್ದರೆ ನಾವು ಬೆರಗಾಗೋದು ಹೇಗೆ? ಹಾಗೆ ಹೇಳಿಸಿದ್ದು ಕತೆಯ ಕೈಕಾಲು ಕಟ್ಟಿಹಾಕಿತು ಅಂತ ಡಾಯ್ಲ್‌ಗೂ ಗೊತ್ತಿತ್ತು. ‘ಲಯನ್ಸ್ ಮೇನ್’ ಬಗ್ಗೆ ಬರೆಯುವಾಗ ಹಾಗೇ ಹೇಳಿದ್ದಾನೆ. ಅದೇ ಉಸಿರಿನಲ್ಲಿ, ಕತೆಯ ಹಂದರ ಮಾತ್ರ ಇಡೀ ಸರಣಿಯಲ್ಲೇ ಉತ್ತಮವಾದವುಗಳಲ್ಲಿ ಒಂದು ಅಂತಲೂ ಸೇರಿಸಿದ. ಆ ಹಂದರದ ಕೊನೆಗೆ ಸಿಗುವ ಕೊಲೆಗಾರ ಒಂದು ಲೋಳೆಮೀನು.

ಗುಮಾಸ್ತ

ಲೋಳೆಮೀನು ಕೊಲೆಗಾರನಾ? ನಾನು ಅದನ್ನು ಓದಿಲ್ಲ, ಈಗ ಓದಲೂ ಬೇಕಿಲ್ಲ. ನಿಮ್ಮ ಉಪಕಾರಕ್ಕೆ ಧನ್ಯವಾದ.

ಬೇಕರ್ ಬೀದಿ

1926ರ ಕತೆ ಸರ್. ಈಗಲೂ ಗುಟ್ಟು ಕಾಪಾಡಬೇಕಾ? 😄

ಬಾಡಿಗೆ ಪುಸ್ತಕ

ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ನಮ್ಮ ಕಾಲದಲ್ಲಿ ಬಾಡಿಗೆ ಲೈಬ್ರರಿ ಇತ್ತು. ಸಂಜೆ ಪುಸ್ತಕ ತರಬೇಕು, ಮಾರನೇ ದಿನ ವಾಪಸ್ ಕೊಡಬೇಕು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಅಂದರೆ ಸಾಲು ನಿಲ್ಲುತ್ತಿದ್ದರು. ಅವರು ಶಾಲೆ ಕಲಿತಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದಿದ್ದು 500ಕ್ಕೂ ಹೆಚ್ಚು ಕಾದಂಬರಿ. ಕನ್ನಡದಲ್ಲಿ ಓದುವ ಚಟ ಎಷ್ಟೋ ಜನರಿಗೆ ಹತ್ತಿದ್ದು ಅವರ ಪತ್ತೇದಾರ ಪುರುಷೋತ್ತಮನಿಂದ. ನಮ್ಮ ವಿಮರ್ಶಕರು ಇದನ್ನು ಬಾಯಿಬಿಟ್ಟು ಹೇಳೋದು ಕಡಿಮೆ, ಅದು ಬೇರೆ ಮಾತು.

ಅಷ್ಟೊಂದು ಬರೆದರೆ ಎಲ್ಲಾ ಒಂದೇ ತೂಕ ಇರಲು ಸಾಧ್ಯವಾ? ಇರಲಿಲ್ಲ. ಆದರೆ ನಮಗೆ ಯಾರಿಗೂ ಮೋಸ ಹೋದೆವು ಅನಿಸಲಿಲ್ಲ. ಈ ವಾರದ್ದು ಸುಮಾರು, ಮುಂದಿನದು ನೋಡೋಣ, ಅಷ್ಟೇ. ಯಾಕೆ ಅಂದರೆ ಪುರುಷೋತ್ತಮನಿಂದ ನಮಗೆ ಬೇಕಿದ್ದಿದ್ದು ಒಂದು ರಾತ್ರಿ. ನೀವೆಲ್ಲ ಫೆಲೂದಾ, ಹೋಮ್ಸ್ ಅವರಿಂದ ಜೀವನಪೂರ್ತಿ ಜೊತೆ ಬಯಸುತ್ತೀರಿ. ಬೇಸರ ಅಲ್ಲಿಂದ ಬರುತ್ತದೆ.

ಧಾರವಾಡ ಪೇಡೆ

ಹಿರಿಯರು ಹೇಳಿದ್ದು ಖರೇ. ಆದರೂ ವಾರಪತ್ರಿಕೆ ಧಾರಾವಾಹಿ ಬಂದಾಗ ನಮ್ಮ ಮನೆಯೊಳಗೆ ಹಿಂಗ ಇರಲಿಲ್ಲರೀ. ಒಂದು ಧಾರಾವಾಹಿ, ಹೆಸರು ಬೇಡ, ಮೊದಲು ಭಾಳ ಚಲೋ ನಡೆದಿತ್ತು. ಜನ ಮೆಚ್ಚಿದರು ಅಂತ ಗೊತ್ತಾದ ಕೂಡಲೇ ಎಳೆಯಲು ಶುರು. ನಾಯಕಿ ಬಾಗಿಲು ತೆರೆಯಲು ಎರಡು ವಾರ ತಗೊಂಡಳು. ನಮ್ಮವ್ವ ಸಂಪಾದಕರಿಗೆ ಕಾರ್ಡ್ ಬರೆದರು. “ಆ ಬಾಗಿಲ ತೆರೀರಿ ಇಲ್ಲಾ ಕೀಲಿ ಹಾಕಿರಿ” ಅಂತ. ಅಚ್ಚಾಗಲಿಲ್ಲ. ಆದರೆ ಬಾಗಿಲು ತೆರೆಯಿತು!

ಸ್ಟೆತೊಸ್ಕೋಪ್

ಎಲ್ಲರೂ ಬೇಸರ, ಗಡುವು, ದುಡ್ಡು ಅಂತಿದ್ದೀರಿ. ವಯಸ್ಸು ಮತ್ತು ಕಾಯಿಲೆಯನ್ನು ಮರೆಯಬಾರದು. ಇಂಗ್ಲಿಷ್ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿ ಹುಟ್ಟಿದ್ದು 1890ರಲ್ಲಿ. ‘ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್’ ಬಂದಿದ್ದು 1972ರಲ್ಲಿ. ಅವರ ಪತ್ತೇದಾರ ಪೊಯ್ರೊ ಇರುವ ಕಾದಂಬರಿ. ದಿನಾಂಕಗಳು ಹೊಂದಲ್ಲ, ಪಾತ್ರಗಳು ಹೇಳಿದ್ದನ್ನೇ ಹೇಳುತ್ತವೆ. ಮುಂದಿನ ವರ್ಷದ ‘ಪೋಸ್ಟರ್ನ್ ಆಫ್ ಫೇಟ್’ ಇನ್ನೂ ಕಷ್ಟ. ಅವರು ಬರೆದ ಕೊನೆಯ ಕಾದಂಬರಿ ಅದೇ. ಮೊದಲ ಸಲ ಓದಿದಾಗ ನಾನೂ ಕಿರಿಕಿರಿ ಪಟ್ಟುಕೊಂಡೆ.

2009ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅವರ ಕಾದಂಬರಿಗಳನ್ನು ಕಂಪ್ಯೂಟರಿಗೆ ಹಾಕಿ ಪದಗಳನ್ನು ಎಣಿಸಿದರು. ಕೊನೆಯ ವರ್ಷಗಳಲ್ಲಿ ಅವರು ಬಳಸುತ್ತಿದ್ದ ಬೇರೆ ಬೇರೆ ಪದಗಳು ಎದ್ದು ಕಾಣುವಷ್ಟು ಕಡಿಮೆಯಾಗಿದ್ದವು. ಒಂದೇ ಮಾತು ಮತ್ತೆ ಮತ್ತೆ ಬರುವುದು ಜಾಸ್ತಿಯಾಗಿತ್ತು. ‘ಅದೇನೋ’, ‘ಅದೊಂದು’ ಅನ್ನೋ ಥರದ ಗೊತ್ತುಗುರಿ ಇಲ್ಲದ ಪದಗಳೂ ಹೆಚ್ಚಾಗಿದ್ದವು. ಆಲ್ಝೈಮರ್ ಇದ್ದಿರಬಹುದು ಅನ್ನೋದು ಅವರ ಊಹೆ. ಬದುಕಿದ್ದಾಗ ಯಾವ ವೈದ್ಯರೂ ಹಾಗೆ ಹೇಳಿರಲಿಲ್ಲ, ಹಾಗಾಗಿ ಅದು ಊಹೆಯೇ. ಆದರೆ 1972ರ ಆ ಕಾದಂಬರಿಯ ವಿಷಯ ನೋಡಿ. ಹಳೇ ಸಾವಿನ ಬಗ್ಗೆ ಯಾರಿಗೆ ಏನು ನೆನಪಿದೆ ಅಂತ ಒಬ್ಬ ಪತ್ತೇದಾರಿ ಲೇಖಕಿ ಮನೆ ಮನೆ ಸುತ್ತಿ ಕೇಳುತ್ತಾಳೆ. ಇದು ಗೊತ್ತಾದ ಮೇಲೆ ನನಗೆ ಆ ಪುಸ್ತಕವನ್ನು ಬೈಯಲು ಬಾಯಿ ಬರಲ್ಲ.

ಗುಮಾಸ್ತ

ಡಾಕ್ಟರೇ, ಕನಿಕರ ಬೇರೆ, ಕತೆ ಬೇರೆ. ಲೇಖಕಿಗೆ ಹುಷಾರಿಲ್ಲ ಅಂದರೆ ಬೇಜಾರಾಗುತ್ತದೆ. ಅದನ್ನು ಅಚ್ಚು ಹಾಕಿ ಮಾರಿದವರಿಗೆ ಹುಷಾರಿತ್ತಲ್ಲ?

ಸ್ಟೆತೊಸ್ಕೋಪ್

ಒಪ್ಪಿದೆ. ಆ ಪ್ರಶ್ನೆ ಪ್ರಕಾಶಕರಿಗೆ ಹೋಗಬೇಕು.

ಬೇಕರ್ ಬೀದಿ

ಕ್ರಿಸ್ಟಿ ಒಂದು ಜಾಣತನ ಮಾಡಿದ್ದರು. ಪೊಯ್ರೊನ ಕೊನೆಯ ಕೇಸು ‘ಕರ್ಟನ್’ ಅನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಬರೆದು ಎತ್ತಿಟ್ಟಿದ್ದರು. ಅಚ್ಚಾಗಿದ್ದು 1975ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲೇ ಪೊಯ್ರೊನ ನಿಧನ ವಾರ್ತೆ ಹಾಕಿತು! ಸರಣಿ ಇಳಿಮುಖ ಆದ ಮೇಲೆ ಬಂದ ಪುಸ್ತಕ, ಆದರೆ ಬರೆದಿದ್ದು ಶಕ್ತಿ ಇದ್ದಾಗ. ಓದಿದರೆ ಗೊತ್ತಾಗುತ್ತದೆ, ಮನಸ್ಸಿನ ಚೂಪು ಹಾಗೇ ಇದೆ. ಮುಕ್ತಾಯವನ್ನು ಮೊದಲೇ ಬರೆದಿಟ್ಟುಕೊಳ್ಳೋದು ಎಲ್ಲ ಸರಣಿ ಲೇಖಕರಿಗೂ ಕಡ್ಡಾಯ ಆಗಬೇಕು ಅಂತ ನನ್ನ ಕಾನೂನು.

ಡ್ರ್ಯಾಗನ್ ಮರಿ

ಹಿರಿಯರ ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆ ಕಾನೂನಿಂದ ಎಲ್ಲರೂ ಬಚಾವಾಗಲ್ಲ ಸರ್. ‘ಗೇಮ್ ಆಫ್ ಥ್ರೋನ್ಸ್’ ಟಿವಿಯವರಿಗೆ ಕೊನೆ ಏನಾಗಬೇಕು ಅಂತ ಮೂಲ ಲೇಖಕ ಮಾರ್ಟಿನ್ ಮುಖ್ಯ ಅಂಶಗಳನ್ನು ಹೇಳಿದ್ದರು. ಆದರೂ 2019ರ ಕೊನೆಯ ಆರು ಸಂಚಿಕೆಗೆ ಜನ ರೊಚ್ಚಿಗೆದ್ದು, ಮತ್ತೆ ಮಾಡಿ ಅಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದರೆ ಸಾಲದು, ದಾರಿ ನಡೆಯಬೇಕು. ಅವರು ಓಡಿದರು.

ನನ್ನ ಸರಣಿ ಬೇರೆ. ರಾಬರ್ಟ್ ಜೋರ್ಡನ್ ಅವರ ‘ವೀಲ್ ಆಫ್ ಟೈಮ್’, ಮಾಂತ್ರಿಕ ಲೋಕದ ಕತೆ. 14 ಪುಸ್ತಕ, ಒಂದೊಂದೂ ತಲೆದಿಂಬಿನಷ್ಟು ದಪ್ಪ. 2003ರಲ್ಲಿ ಬಂದ ಹತ್ತನೇ ಪುಸ್ತಕದಲ್ಲಿ ಏನೂ ಆಗಲ್ಲ. ಸುಮ್ನೆ ಹೇಳ್ತಿಲ್ಲ. ಒಂಬತ್ತನೇ ಪುಸ್ತಕದ ಕೊನೆಗೆ ಒಂದು ದೊಡ್ಡ ಘಟನೆ ಆಗುತ್ತದೆ. ಹತ್ತನೆಯದರ ಬಹುಪಾಲು, ಆ ಘಟನೆ ನಡೆದಾಗ ಉಳಿದವರು ಎಲ್ಲಿದ್ದರು, ಏನು ಮಾಡುತ್ತಿದ್ದರು ಅನ್ನೋದರಲ್ಲೇ ಕಳೆಯುತ್ತದೆ. ಬಟ್ಟೆಯ ಕಸೂತಿ, ಸ್ನಾನ, ಟೀ. ನಮ್ಮ ಹಾಸ್ಟೆಲಿನಲ್ಲಿ ಇಬ್ಬರು ಅಲ್ಲೇ ಬಿಟ್ಟರು.

ಆದರೆ ನಾನು ಬಿಡಲಿಲ್ಲ, ಒಳ್ಳೇದೇ ಆಯಿತು. 2005ರ ಹನ್ನೊಂದನೆಯದರಲ್ಲಿ ಕತೆ ಮತ್ತೆ ಓಡುತ್ತದೆ. 2007ರಲ್ಲಿ ಜೋರ್ಡನ್ ತೀರಿಕೊಂಡರು. ಕಾಯಿಲೆ ಗೊತ್ತಾದ ಮೇಲೆ ಮುಂದಿನದನ್ನೆಲ್ಲ ಟಿಪ್ಪಣಿ ಮಾಡಿ, ಮನೆಯವರಿಗೆ ಹೇಳಿ ಹೋಗಿದ್ದರು. ಅವರ ಹೆಂಡತಿಯೇ ಆ ಪುಸ್ತಕಗಳ ಸಂಪಾದಕಿ. ಅವರು ಬ್ರಾಂಡನ್ ಸ್ಯಾಂಡರ್ಸನ್ ಅನ್ನೋ ಹುಡುಗನನ್ನು ಆರಿಸಿದರು. ಅವನು ಆ ಸರಣಿಯನ್ನು ಓದಿಕೊಂಡೇ ಬೆಳೆದ ಅಭಿಮಾನಿ. 2009, 2010, 2013, ಮೂರು ಪುಸ್ತಕದಲ್ಲಿ ಮುಗಿಸಿದ. ಭಾಷೆ ಬೇರೆ ಅನಿಸುತ್ತದೆ, ಕೆಲವು ಪಾತ್ರ ಒಂದಿಷ್ಟು ಜೋರಾಗಿ ಮಾತಾಡುತ್ತವೆ. ಆದರೆ ಕತೆ ಮನೆ ಸೇರಿತು. ಹಾಗಾಗಿ ಬಿದ್ದ ಸರಣಿ ಏಳಲ್ಲ ಅಂತ ಮಾತ್ರ ಹೇಳಬೇಡಿ.

ಪುಟತಿರುವಿ

ಮರಿ, ಚೆನ್ನಾಗಿ ಬರೆದಿದ್ದೀಯ. ಆದರೆ ನಿನ್ನ ಸರಣಿ ಒಂದೇ ದೊಡ್ಡ ಕತೆ. ಅದಕ್ಕೆ ಒಂದು ಕೊನೆ ಇದೆ, ಆ ಕೊನೆಗಾಗಿ ಕೆಟ್ಟ ಪುಸ್ತಕವನ್ನೂ ದಾಟುತ್ತೀರಿ. ಫೆಲೂದಾ, ಹೋಮ್ಸ್ ಹಾಗಲ್ಲ. ಇಲ್ಲಿ ತಲುಪಬೇಕಾದ ಊರೇ ಇಲ್ಲ. ಪ್ರತಿ ಕತೆಯೂ ಶುರುವಿನ ಜಾಗಕ್ಕೇ ವಾಪಸ್ ಬರಬೇಕು. ಮೊದಲ ಕತೆಯಲ್ಲಿ ತೊಪ್ಶೆಗೆ ಹದಿಮೂರೂವರೆ ವರ್ಷ, ಫೆಲೂದಾಗೆ 27. ಆಮೇಲೆ 27 ವರ್ಷ ಕಳೆದರೂ ತೊಪ್ಶೆ ಇನ್ನೂ ಹುಡುಗನೇ. ಅವನಿಗೆ ಪ್ರೀತಿ ಆಗಲ್ಲ, ಕೆಲಸ ಹುಡುಕಲ್ಲ, ಅಣ್ಣನ ಜೊತೆ ಒಂದು ಸಲ ಜಗಳ ಆಡಲ್ಲ. ಒಂದೇ ಡಿಕಾಕ್ಷನ್ನಿಗೆ ಎಷ್ಟು ಸಲ ಬಿಸಿನೀರು ಹಾಕೋದು?

ಶಿರಸಿ ಪೋಸ್ಟ್

ತೊಪ್ಶೆ ಬೆಳೆದಿದ್ದರೆ ನೀವೇ ಬೈತಿದ್ರಿ. ಫೆಲೂದಾ ಹಾಳಾದ, ಸಂಸಾರದ ಕತೆ ಆಯಿತು ಅಂತ.

ನನ್ನ ಪ್ರಶ್ನೆ ಇಷ್ಟೇ. ಬೆಳೆದವರು ನೀವಲ್ವಾ? ಹನ್ನೆರಡನೇ ವಯಸ್ಸಲ್ಲಿ ‘ನಯನ್ ರಹಸ್ಯ’ ಓದಿದ್ದರೆ ಅದೇ ನಿಮಗೆ ಅತ್ಯುತ್ತಮ ಅನಿಸುತ್ತಿತ್ತು.

ಕೊಲ್ಕತ್ತಾ ಕನ್ನಡತಿ

ಇದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ಮಗಳು ಆ ವಯಸ್ಸಿಗೇ ಎಲ್ಲಾ ಓದಿದಳು, ಯಾವ ಕ್ರಮವೂ ಇಲ್ಲ, ಕೈಗೆ ಸಿಕ್ಕಿದ್ದು ಓದೋದು. ಯಾವುದು ಹಳೇದು ಯಾವುದು ಹೊಸದು ಅಂತಾನೂ ಅವಳಿಗೆ ಗೊತ್ತಿರಲಿಲ್ಲ. ಆದರೂ ಮತ್ತೆ ಮತ್ತೆ ತೆಗೆದು ಓದುತ್ತಿದ್ದಿದ್ದು ಕಾಶಿ, ರಾಜಸ್ಥಾನ, ಎಲ್ಲೋರಾ, ಪಾರ್ಕ್ ಸ್ಟ್ರೀಟ್ ಸ್ಮಶಾನ. ಎಲ್ಲಾ ಎಪ್ಪತ್ತರ ದಶಕದವೇ. ಮಕ್ಕಳಿಗೆ ಗೊತ್ತಾಗಲ್ಲ ಅಂದ್ಕೋಬೇಡಿ.

ಬೇಕರ್ ಬೀದಿ

ಪುಟತಿರುವಿಗೆ ಒಂದು ಕೊನೇ ಆಕ್ಷೇಪಣೆ. ಓದುಗರು ಕೇಳಿದ್ದನ್ನು ಕೊಡಲು ಹೋಗಿ ಸರಣಿ ಕೆಡುತ್ತದೆ ಅಂದಿರಿ. ಡಾಯ್ಲ್‌ನದೇ ಇನ್ನೊಂದು ಸರಣಿ ಇದೆ, ಪ್ರೊಫೆಸರ್ ಚಾಲೆಂಜರ್. ಅಲ್ಲಿ ಉಲ್ಟಾ.

ಮೊದಲ ಮಹಾಯುದ್ಧದ ಹೊತ್ತಿಗೆ ಡಾಯ್ಲ್ ಪ್ರೇತಾತ್ಮವಾದಿ ಆದ. 1918ರಲ್ಲಿ ಮಗ ಕಿಂಗ್ಸ್‌ಲಿ ತೀರಿಕೊಂಡ. ಸತ್ತವರ ಜೊತೆ ಮಾತಾಡಬಹುದು ಅಂತ ದೇಶ ದೇಶ ಸುತ್ತಿ ಭಾಷಣ ಮಾಡಿದ. 1926ರ ‘ಲ್ಯಾಂಡ್ ಆಫ್ ಮಿಸ್ಟ್’ನಲ್ಲಿ ಆ ಸಿಡುಕು ವಿಜ್ಞಾನಿ ಚಾಲೆಂಜರ್ ಕೂಡ ಪ್ರೇತಾತ್ಮಗಳನ್ನು ನಂಬುವ ಹಾಗೆ ಮಾಡಿಬಿಟ್ಟ. ಕತೆ ಅಲ್ಲ ಅದು, ಪ್ರಚಾರ. ಯಾವ ಓದುಗ ಅದನ್ನು ಕೇಳಿದ್ದ? ಯಾರೂ ಇಲ್ಲ. ಇದು ಲೇಖಕ ತನಗೆ ಬೇಕಾದ್ದನ್ನೇ ಬರೆದು ಕೆಡಿಸಿದ ಸರಣಿ.

ಅದೇ ಹೊತ್ತಿನಲ್ಲಿ ಹೋಮ್ಸ್‌ನನ್ನು ಮಾತ್ರ ಮುಟ್ಟಲಿಲ್ಲ. 1924ರ ರಕ್ತಪಿಶಾಚಿ ಕತೆಯಲ್ಲಿ ಹೋಮ್ಸ್, ನಮ್ಮ ಕಚೇರಿಗೆ ದೆವ್ವಗಳು ಅರ್ಜಿ ಹಾಕುವುದು ಬೇಡ ಅನ್ನೋ ಅರ್ಥದಲ್ಲಿ ಮಾತಾಡುತ್ತಾನೆ. ಬರೆಯುವವನಿಗೆ ದೆವ್ವದಲ್ಲಿ ಪೂರ್ತಿ ನಂಬಿಕೆ, ಪಾತ್ರಕ್ಕೆ ಇಲ್ಲ. ಹೋಮ್ಸ್ ಬಗ್ಗೆ ಆಸಕ್ತಿ ಹೋಗಿದ್ದೇ ಅವನನ್ನು ಕಾಪಾಡಿತು ಅಂತ ನನ್ನ ಲೆಕ್ಕ. ಬೇಸರದಲ್ಲಿ ಬರೆದ ಹೋಮ್ಸ್ ಸಪ್ಪೆ, ಆದರೆ ಹೋಮ್ಸ್‌ನೇ. ಆಸೆಯಿಂದ ಬರೆದ ಚಾಲೆಂಜರ್, ಚಾಲೆಂಜರ್ ಅಲ್ಲವೇ ಅಲ್ಲ.

ಪುಟತಿರುವಿ

ಇದಕ್ಕೆ ನನ್ನ ಹತ್ತಿರ ಸದ್ಯಕ್ಕೆ ಉತ್ತರ ಇಲ್ಲ ಸರ್. ಯೋಚನೆ ಮಾಡುತ್ತೇನೆ. ಆದರೆ ಚಾಲೆಂಜರ್ ಕೆಟ್ಟಿದ್ದಕ್ಕೆ ಯಾರೂ ಅಷ್ಟು ಅಳಲಿಲ್ಲ, ಗಮನಿಸಿದ್ರಾ? ಅವನ ಮೇಲೆ ಅಷ್ಟು ಪ್ರೀತಿಯೂ ಇರಲಿಲ್ಲ.

ಗುಮಾಸ್ತ

ಹೋಮ್ಸ್ ಸಪ್ಪೆಯಾದ ಅಂತ ಆ ಡಾಯ್ಲ್‌ಗೆ ಗೊತ್ತಿತ್ತಾ?

ಬೇಕರ್ ಬೀದಿ

ಚೆನ್ನಾಗಿ ಗೊತ್ತಿತ್ತು. ಕೊನೆಯ ಸಂಗ್ರಹದ ಮುನ್ನುಡಿಯಲ್ಲೇ ಬರೆದಿದ್ದಾನೆ. ಕಾಲ ಮುಗಿದರೂ ರಸಿಕರಿಗೆ ಮತ್ತೆ ಮತ್ತೆ ವಿದಾಯದ ನಮಸ್ಕಾರ ಹಾಕಲು ಬರುವ ಹಾಡುಗಾರರ ಹಾಗೆ ಹೋಮ್ಸ್ ಆಗಿಬಿಡುತ್ತಾನೇನೋ ಅಂತ ಭಯ ಅಂತ. ಅದಾದ ಮೇಲೆ ಹೋಮ್ಸ್ ಕತೆ ಬರೆಯಲಿಲ್ಲ. 1930ರಲ್ಲಿ ತೀರಿಕೊಂಡ.

ಗುಮಾಸ್ತ

ಮರ್ಯಾದಸ್ತ. ಹಾಗಿದ್ದರೆ ಒಂದು ಓದುತ್ತೇನೆ. ಲೋಳೆಮೀನು ಬಿಟ್ಟು, ಆ ಕೊನೆಯ ಸಂಗ್ರಹದಲ್ಲಿ ಓದುವಂಥದ್ದು ಇದ್ದರೆ ಹೇಳಿ.

ಬೇಕರ್ ಬೀದಿ

‘ಥಾರ್ ಬ್ರಿಜ್’ ಓದಿ ಸರ್. ಸೇತುವೆಯ ಕಲ್ಲಿನ ಕಟ್ಟೆ ಮೇಲೆ ಒಂದು ಸಣ್ಣ ಚಕ್ಕೆ ಎದ್ದಿರುತ್ತದೆ. ಇದಕ್ಕಿಂತ ಜಾಸ್ತಿ ಹೇಳಲ್ಲ, ಈ ಸಲ ಗುಟ್ಟು ಕಾಪಾಡುತ್ತೇನೆ.

ಶಿರಸಿ ಪೋಸ್ಟ್

ನಮ್ಮ ತಂಗಿ ಮಗಳು ಏಳನೇ ಕ್ಲಾಸು. ಇಷ್ಟೆಲ್ಲ ಓದಿದ ಮೇಲೆ ಅವಳಿಗೆ ಫೆಲೂದಾ ಕೊಡಿಸೋಣ ಅಂತಿದ್ದೇನೆ. ಎರಡೂ ಸಂಪುಟ ತರಲಾ, ಮೊದಲನೆಯದು ಸಾಕಾ?

ಪುಟತಿರುವಿ

ಮೊದಲನೆಯದು ತನ್ನಿ. ಲಖನೌ ಉಂಗುರದ ಕತೆಯಿಂದ ಶುರು ಮಾಡಿಸಿ, ಆಮೇಲೆ ಸೋನಾರ್ ಕೆಲ್ಲಾ.

ಕೊಲ್ಕತ್ತಾ ಕನ್ನಡತಿ

ಎರಡೂ ತನ್ನಿ. ಮೊದಲನೆಯದು ಮುಗಿದ ರಾತ್ರಿ ಎರಡನೆಯದು ಮನೆಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಪುಟತಿರುವಿಗೆ ಗೊತ್ತಿಲ್ಲ, ಮಕ್ಕಳಿಲ್ಲವಲ್ಲ.